ಉತ್ತರ ಕೊಡುವವರಿಗೂ ಬಿಡುವು ಬೇಕು

ಮೂರೂವರೆ ವರ್ಷದ ಮಗುವಿಗೆ ಅ ಆ ಇ ಈ ಬರೆಯಲು ಬರದಿದ್ದರೆ ಮನೆಯಲ್ಲಿ ಕಳವಳ ಶುರುವಾಗುತ್ತದೆ. ಅದೇ ಮಗು ಅಡುಗೆಮನೆ ಬಾಗಿಲಲ್ಲಿ ನಿಂತು, ‘ಈರುಳ್ಳಿ ಹೆಚ್ಚಿದ್ರೆ ಕಣ್ಣಲ್ಲಿ ನೀರು ಯಾಕಮ್ಮ ಬರತ್ತೆ?’ ಎಂದು ಕೇಳಿ ಉತ್ತರ ಸಿಗದೆ ಹಿಂತಿರುಗಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ನರ್ಸರಿ ಕೊಟ್ಟ ಹೋಂವರ್ಕ್ ಮಾಡಿಸಿದರೆ ಹೆತ್ತವರ ಪಾಲು ಮುಗಿಯಿತೆಂದು ನಂಬಿದವರೇ ಹೆಚ್ಚು. ಆದರೆ ಆ ವಯಸ್ಸಿನ ನಿಜವಾದ ಕಲಿಕೆ ನಡೆಯುವುದು ಈರುಳ್ಳಿಯ ಮುಂದೆಯೇ.

ಇದನ್ನು ಅಳೆದು ತೋರಿಸಿದ್ದು ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ನಡೆದ ಒಂದು ಅಧ್ಯಯನ. 1986–87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಅಲ್ಲಿನ ಬಡ ಕೇರಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದ 129 ಪುಟ್ಟ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲಿನ ಪುಡಿಯ ಪೂರಕ ಆಹಾರ, ಇನ್ನೊಂದಕ್ಕೆ ಆಟ ಮತ್ತು ಮಾತು, ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಆಟದ ಗುಂಪಿನ ಮನೆಗಳಿಗೆ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕೂರುತ್ತಿದ್ದರು. ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡಿದ ಆಟಿಕೆ ಹಿಡಿದು, ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತಿಗೆಳೆಯಬೇಕು ಎಂದು ತಾಯಿಗೆ ತೋರಿಸುತ್ತಿದ್ದರು.

ಇಪ್ಪತ್ತು ವರ್ಷಗಳ ಮೇಲೆ ಆ ಮಕ್ಕಳನ್ನು ಹುಡುಕಿ ವಿಚಾರಿಸಿದಾಗ, ಆಟ-ಮಾತು ಸಿಕ್ಕಿದ್ದವರ ಸಂಪಾದನೆ ಸಿಗದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ಪೂರಕ ಆಹಾರ ಮಾತ್ರ ಪಡೆದವರಲ್ಲಿ ಅಂಥ ದೀರ್ಘ ಫಲ ಕಾಣಲಿಲ್ಲ. ಹಾಗೆಂದು ಅನ್ನ ಬೇಡವೆಂದಲ್ಲ, ಅನ್ನವೊಂದೇ ಸಾಲದು.

ಆ ತಾಯಂದಿರಿಗೆ ಮೊದಲು ಪ್ರೀತಿ ಇರಲಿಲ್ಲವೇ? ಇತ್ತು. ಹೊಸದಾಗಿ ಸೇರಿದ್ದು, ಪಕ್ಕದಲ್ಲಿ ಕೂತು ಧೈರ್ಯ ಹೇಳುವ ಒಬ್ಬ ಸಹಾಯಕಿ. ‘ಮಕ್ಕಳ ಜೊತೆ ಮಾತಾಡಿ’ ಎಂಬ ಪೋಸ್ಟರ್ ಅಂಟಿಸಿ ಕೈತೊಳೆದುಕೊಂಡಿದ್ದರೆ ಈ ಫಲ ಬರುತ್ತಿತ್ತೆಂದು ನಂಬುವುದು ಕಷ್ಟ. ಹೆತ್ತವರ ಪಾಲ್ಗೊಳ್ಳುವಿಕೆಯನ್ನು ಬರೀ ಅವರ ಗುಣದೋಷವಾಗಿ ನೋಡುವುದು ಅನ್ಯಾಯ ಎನ್ನುವುದು ಅದಕ್ಕೇ. ಬೆಳಿಗ್ಗೆ ಐದಕ್ಕೆದ್ದು ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಗಳು ಸಂಜೆ ಮನೆ ಸೇರಿ ಮತ್ತೆ ಒಲೆ ಹಚ್ಚಬೇಕು. ಮಗುವಿನ ‘ಯಾಕೆ’ಗೆ ಅವಳು ‘ಸುಮ್ನಿರು’ ಅಂದರೆ ಅದು ಅರಿವಿನ ಕೊರತೆಯಲ್ಲ, ಬಿಡುವಿನ ಕೊರತೆ.

ಕರ್ನಾಟಕದಲ್ಲಿ ಕಿಂಗ್‌ಸ್ಟನ್ನಿನ ಆ ಸಹಾಯಕಿಯ ಜಾಗ ತುಂಬಬಲ್ಲವರು ಹೊಸಬರೇನಲ್ಲ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾದ ಅಂಗನವಾಡಿ ಇಂದು ಊರೂರಲ್ಲಿದೆ. ಮನೆ ಭೇಟಿ, ತಾಯಂದಿರ ಸಭೆ ಎರಡೂ ಕಾರ್ಯಕರ್ತೆಯ ಕೆಲಸದಲ್ಲೇ ಸೇರಿವೆ. ಆದರೆ ತೂಕ ನೋಡು, ಆಹಾರ ಹಂಚು, ಮೊಬೈಲಿಗೆ ಮಾಹಿತಿ ತುಂಬು, ಸರ್ವೆಗೆ ಹೋಗು ಎಂದು ಅವಳ ದಿನ ಕಳೆಯುತ್ತದೆ. ಒಂದು ಮನೆಯ ಚಾಪೆಯ ಮೇಲೆ ಒಂದು ಗಂಟೆ ಕೂರುವ ಪುರುಸೊತ್ತು ಅವಳಿಗೆಲ್ಲಿದೆ? ಅಂಥ ಭೇಟಿಯನ್ನೇ ಕೆಲಸವೆಂದು ಲೆಕ್ಕ ಹಿಡಿದು ಸಂಬಳ ಕೊಡುವುದು, ಎಲ್‌ಕೆಜಿ ಹೆಸರಿನಲ್ಲಿ ಮೂರು-ನಾಲ್ಕು ವರ್ಷದವರ ಕೈಗೆ ಪೆನ್ಸಿಲ್ ತುರುಕುವುದಕ್ಕಿಂತ ಎಷ್ಟೋ ಮೇಲು.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಮಗು ಸುರಕ್ಷಿತವಾಗಿದೆ ಎಂಬ ನೆಮ್ಮದಿಯಾದರೂ ಅಲ್ಲಿ ಸಿಗುತ್ತದೆ.

ಇಷ್ಟೆಲ್ಲದರಲ್ಲಿ ಅಪ್ಪ ಎಲ್ಲಿ? ಕಿಂಗ್‌ಸ್ಟನ್ನಿನಲ್ಲೂ ಪಾಠ ಹೆಚ್ಚಾಗಿ ತಾಯಿಗೇ, ಇಲ್ಲೂ ಸಭೆ ‘ತಾಯಂದಿರ’ದೇ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿಬರಲು ತಾಯಿಗೆ ಅವಕಾಶ ಕೊಟ್ಟಿತು. ಅದೇ ಕಚೇರಿಯ ಇನ್ನೊಂದು ಮೇಜಿನಲ್ಲಿ ಕೂತ ಅಪ್ಪನಿಗೆ ಆ ಕಾಯ್ದೆ ಒಂದು ಸಲದ ಅವಕಾಶವನ್ನೂ ಬರೆಯಲಿಲ್ಲ.