ಆಸ್ತಿರಕ್ಷಣೆಯೂ ಅಚೌರ್ಯಾಣುವ್ರತವೂ

ಶ್ರಾವಕನಿಗೆ ಧನಾರ್ಜನೆಯು ನಿಷಿದ್ಧವಲ್ಲ. ನ್ಯಾಯದಿಂದ ಗಳಿಸಬೇಕು, ಗಳಿಕೆಗೆ ಪರಿಮಿತಿಯನ್ನು ಹಾಕಿಕೊಳ್ಳಬೇಕು, ಮಿತಿಮೀರಿದ್ದನ್ನು ದಾನಕ್ಕೆ ವಿನಿಯೋಗಿಸಬೇಕು ಎಂಬುದು ಗೃಹಸ್ಥಧರ್ಮದ ಕ್ರಮ. ಗಳಿಸಿದ್ದನ್ನು ಕಾಪಾಡಿಕೊಳ್ಳುವುದೂ ಈ ಕ್ರಮದೊಳಗೇ ಸೇರಿದೆ. ಹೆಂಡತಿ ಮಕ್ಕಳನ್ನು ಬೀದಿಗೆ ತರುವುದು ಅಪರಿಗ್ರಹವೆನಿಸದು. ಆದರೆ ಯಾರಿಂದ ಕಾಪಾಡಿಕೊಳ್ಳುವುದು? ಆಪತ್ತಿನಿಂದಲೋ, ಅಥವಾ ನ್ಯಾಯವಾಗಿ ಹಣ ಬರಬೇಕಾದವರಿಂದಲೋ? ರಕ್ಷಣೆಯು ಎಲ್ಲಿ ಮುಗಿದು ಅಪಹರಣವು ಎಲ್ಲಿ ಆರಂಭವಾಗುತ್ತದೆ ಎಂಬುದು ಭೂಮಿಯ ಮೇಲೆ ಹಣ ಹೂಡುವ ಪ್ರತಿಯೊಂದು ಮನೆತನವೂ ವಿಚಾರಿಸಬೇಕಾದ ಪ್ರಶ್ನೆ.

ಗದಗ-ಬೆಟಗೇರಿಯ ಒಬ್ಬ ದಲಾಲಿ ವರ್ತಕನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಶಿರಹಟ್ಟಿ, ಮುಂಡರಗಿ ಕಡೆಯ ರೈತರು ಕಡಲೆ, ಹೆಸರು, ಶೇಂಗಾ ತಂದು ಆತನ ಅಂಗಡಿಗೆ ಹಾಕುತ್ತಾರೆ. ಬಂದ ಹಣದಲ್ಲಿ ಒಂದಿಷ್ಟನ್ನು ಮಗಳ ಮದುವೆಗೆಂದು ಆತನಲ್ಲಿಯೇ ಬಿಟ್ಟು ಹೋಗುತ್ತಾರೆ. ಆ ಹಣವೂ ಬಂಧುಗಳ ಕೈಗಡವೂ ಕೂಡಿ ಲಕ್ಷ್ಮೇಶ್ವರದಲ್ಲಿ ಎನ್.ಎ. ಆದ ಪ್ಲಾಟುಗಳಾಗುತ್ತವೆ. ಪ್ಲಾಟುಗಳಿಗೆ ಗಿರಾಕಿ ಬರುವುದಿಲ್ಲ, ಕೊಟ್ಟವರು ಕೇಳತೊಡಗುತ್ತಾರೆ, ದಾವೆಯ ಮಾತು ಹುಟ್ಟುತ್ತದೆ. ಆಗ ಹಿತೈಷಿಯೊಬ್ಬನು ಹೇಳುತ್ತಾನೆ: “ಸಾವಕಾರರೆ, ಮನೆಯನ್ನು ಅಕ್ಕನವರ ಹೆಸರಿಗೆ ಬಕ್ಷೀಸ್ ಪತ್ರ ಮಾಡಿಬಿಡಿ. ಒಂದು ಪ್ಲಾಟನ್ನು ಬಸದಿಗೆ ಬರೆದುಕೊಡಿ. ಪುಣ್ಯವೂ ಆಯಿತು, ಜಪ್ತಿಯೂ ತಪ್ಪಿತು.”

ಈ ಸಲಹೆಯನ್ನು ತೂಗುವ ಮೊದಲು, ನ್ಯಾಯಸಮ್ಮತವಾದ ಬೇಲಿಗಳೂ ಉಂಟೆಂಬುದನ್ನು ನೆನೆಯಬೇಕು. 1932ರ ಪಾಲುದಾರಿಕೆ ಕಾಯ್ದೆಯಂತೆ ಅಂಗಡಿಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನ ಮನೆಮಾರೂ ಹೊಣೆ. ಆದುದರಿಂದ ಭೂಮಿಯ ವ್ಯವಹಾರವನ್ನು ಅಂಗಡಿಯಿಂದ ಬೇರ್ಪಡಿಸಿ, ಕಂಪನಿಯಾಗಿಯೋ 2008ರ ಕಾಯ್ದೆಯಂತೆ ಸೀಮಿತ ಹೊಣೆಯ ಪಾಲುದಾರಿಕೆಯಾಗಿಯೋ ನಡೆಸುವುದು ದೋಷವಲ್ಲ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಂತೆ ಹೆಂಡತಿ ಮಕ್ಕಳ ಹಿತಕ್ಕಾಗಿ ಮಾಡಿಸಿದ ಜೀವವಿಮೆಯು, ವಂಚನೆಯ ಉದ್ದೇಶವಿಲ್ಲದಿದ್ದರೆ, ಗಂಡನ ಸಾಲಕ್ಕೆ ಸಿಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಧರ್ಮಾಚಾರದಂತೆ ಸ್ತ್ರೀಯು ಅಗಲಬಾರದ ಆಭರಣ ಇವುಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಬದುಕಲು ಇಷ್ಟಾದರೂ ಉಳಿಯಲಿ ಎಂಬ ಕರುಣೆ ಕಾನೂನಿಗೂ ಇದೆ.

ಈ ಬೇಲಿಗಳಿಗೆ ಎರಡು ಲಕ್ಷಣಗಳಿವೆ. ಅವು ಋಣ ಹುಟ್ಟುವ ಮೊದಲೇ ನಿಂತವು. ಸಾಲ ಕೊಡುವವನ ಕಣ್ಣಿಗೆ ಕಾಣುವಂಥವು. ಸಂಸ್ಥೆಯ ಹೊಣೆ ಸೀಮಿತವೆಂದು ತಿಳಿದು ಕೊಟ್ಟವನು ತನ್ನ ಅಪಾಯವನ್ನು ತಾನೇ ಒಪ್ಪಿದವನು. ಹಿತೈಷಿಯ ಸಲಹೆಯಲ್ಲಿ ಈ ಎರಡೂ ಇಲ್ಲ. ವರ್ತಕನ ಮನೆ, ಅಂಗಡಿ, ಮುಖ ನೋಡಿ ಹಣ ಬಿಟ್ಟುಹೋದ ರೈತನಿಗೆ ತಿಳಿಯದಂತೆ ಆ ಮನೆಯನ್ನೇ ಸರಿಸಲಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 53ನೆಯ ಕಲಮಿನಂತೆ, ಸಾಲ ಕೊಟ್ಟವರನ್ನು ತಪ್ಪಿಸುವ ಅಥವಾ ಸತಾಯಿಸುವ ಉದ್ದೇಶದ ವರ್ಗಾವಣೆಯನ್ನು ಅವರು ರದ್ದುಪಡಿಸಿಕೊಳ್ಳಬಹುದು. 2016ರಲ್ಲಿ ತಿದ್ದುಪಡಿಯಾದ ಬೇನಾಮಿ ಕಾಯ್ದೆಯು ಪರರ ಹೆಸರಿನಲ್ಲಿ ಅಡಗಿಸಿದ ಆಸ್ತಿಯ ಮುಟ್ಟುಗೋಲಿಗೂ ಏಳು ವರ್ಷಗಳವರೆಗಿನ ಸೆರೆವಾಸಕ್ಕೂ ಅವಕಾಶವಿತ್ತಿದೆ.

ಕಾನೂನಿಗಿಂತ ಬಹು ಪೂರ್ವದಲ್ಲಿಯೇ ಆಚಾರ್ಯರು ಇದನ್ನು ಗುರುತಿಸಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಹೇಳಿದೆ. ಕೊಡುವ ಮನಸ್ಸಿಲ್ಲದೆ ಬರೆದ ದಾನಪತ್ರವು ಕೂಟಲೇಖವಲ್ಲದೆ ಮತ್ತೇನು? ನಂಬಿ ಇಟ್ಟುಹೋದದ್ದನ್ನು ಕೊಡದಿರುವುದು ನ್ಯಾಸಾಪಹಾರವೇ ಸರಿ. ಉತಾರದಲ್ಲಿ ಹೆಸರು ಬದಲಾದರೂ ಋಣದ ಹೆಸರು ಬದಲಾಗದು.

“ಹೆಂಡತಿ ಮಕ್ಕಳ ಹಕ್ಕು ರೈತನ ಹಕ್ಕಿಗಿಂತ ಕಿರಿದೇ?” ಎಂಬ ಆಕ್ಷೇಪವು ತಳ್ಳಿಹಾಕುವಂಥದಲ್ಲ. ಆದರೆ ರೈತನಿಗೂ ಹೆಂಡತಿ ಮಕ್ಕಳಿದ್ದಾರೆ. ಅಪಾಯದ ನಿರ್ಧಾರವನ್ನು ಕೈಗೊಂಡವನು ವರ್ತಕ; ಪ್ಲಾಟುಗಳು ಇಮ್ಮಡಿ ಬೆಲೆಗೆ ಹೋಗಿದ್ದರೆ ಆ ಲಾಭದಲ್ಲಿ ರೈತನಿಗೆ ಪಾಲಿರಲಿಲ್ಲ. ಲಾಭವೆಲ್ಲ ತನಗೆ, ನಷ್ಟ ಮಾತ್ರ ನಂಬಿದವನಿಗೆ ಎಂಬ ಲೆಕ್ಕವು ಯಾವ ತಕ್ಕಡಿಯಲ್ಲಿಯೂ ತೂಗದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರದ ಸಾಲಗಳಲ್ಲಿ, ಧಾರ್ಮಿಕ ಕರ್ತವ್ಯವೆಂಬ ಒಂದೇ ಕಾರಣಕ್ಕೆ ತಂದೆಯ ಸಾಲವನ್ನು ಮಗನಿಂದ ವಸೂಲು ಮಾಡಲಾಗದು. ಇದು ಜೈನರಿಗೂ ಅನ್ವಯಿಸುತ್ತದೆ. ನ್ಯಾಯಾಲಯವು ಬಿಟ್ಟ ಮಾತ್ರಕ್ಕೆ ಮನಸ್ಸಾಕ್ಷಿಯೂ ಬಿಡಬೇಕೆಂದಿಲ್ಲ. ಕೈಲಾದಷ್ಟು ತೀರಿಸುವ ಮಗನು ಮನೆತನದ ಪತ್ತನ್ನು ಉಳಿಸುತ್ತಾನೆ.

ಪತ್ತು ಎಂದರೇನೆಂಬುದಕ್ಕೆ ಗದಗ ತಾಲೂಕಿನಲ್ಲಿಯೇ ನಿದರ್ಶನವಿದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. 1904ರ ಕಾಯ್ದೆಯಂತೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಒಬ್ಬನ ಸಾಲಕ್ಕೆ ಊರವರೆಲ್ಲರ ಹೊಲಮನೆ ಹೊಣೆಯಾಗಿ ನಿಂತುದರಿಂದಲೇ, ಅಡವಿಡಲು ಏನೂ ಇಲ್ಲದ ರೈತನಿಗೂ ಸಾಲ ದೊರೆಯುವಂತಾಯಿತು. ಎಲ್ಲರೂ ಅಂತಹ ಹೊಣೆಯನ್ನು ಹೊರಲಾರರು. ಆದರೆ ಹೊತ್ತ ಹೊಣೆಯಿಂದ ಜಾರುವವನು ತನ್ನೊಬ್ಬನದಲ್ಲ, ಪೇಟೆಯ ಪತ್ತನ್ನೇ ಕೆಡಿಸುತ್ತಾನೆ.

ಬಸದಿಯ ಟ್ರಸ್ಟುಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಸದ್ಭಾವದಿಂದ ಬೆಲೆ ಕೊಟ್ಟು ಕೊಂಡವನಿಗೆ 53ನೆಯ ಕಲಮು ರಕ್ಷಣೆ ನೀಡುತ್ತದೆ. ಬೆಲೆಯಿಲ್ಲದೆ ದಾನ ಪಡೆದವರಿಗೆ ಆ ರಕ್ಷಣೆಯಿಲ್ಲ. ಋಣಭಾರ ಪ್ರಮಾಣಪತ್ರದಲ್ಲಿ ನೋಂದಾಯಿತ ಅಡಮಾನ ಕಾಣಬಹುದು, ಕೈಗಡ ಕಾಣದು. ಆದುದರಿಂದ ದಾನಿಯನ್ನು ವಿನಯದಿಂದ ಕೇಳುವುದು, ಬೇರೆಯವರ ಬಾಕಿ ತೀರಿಸಲು ಸಾಕಷ್ಟು ಉಳಿದಿದೆಯೆಂದು ಬರೆಸಿಕೊಳ್ಳುವುದು ಅವಮಾನವಲ್ಲ. ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಗೆ ದಾನಚಿಂತಾಮಣಿ ಎಂಬ ಬಿರುದು ಸಹಸ್ರ ವರ್ಷ ಕಳೆದರೂ ಉಳಿದಿದೆ. ದಾನವೆಂಬುದು ತನ್ನದನ್ನು ಕೊಡುವುದು. ಪರರ ಬಾಕಿಯನ್ನು ದೇವರ ಹೆಸರಿಗೆ ಬರೆದರೆ ಅದು ದಾನವಾಗದು, ಬಸದಿಯನ್ನೂ ಬೇನಾಮಿದಾರನನ್ನಾಗಿ ಮಾಡಿದಂತಾಗುತ್ತದೆ.

ಭಗವಾನ್ ಮಹಾವೀರರ ನಿರ್ವಾಣದಿನವಾದ ದೀಪಾವಳಿಯಂದು ವರ್ತಕರು ಹೊಸ ಖಾತೆಯನ್ನು ಪೂಜಿಸುತ್ತಾರೆ. ಪರಿಗ್ರಹಪರಿಮಾಣವನ್ನು ನೆನೆಯಲು ಅದಕ್ಕಿಂತ ಯೋಗ್ಯ ದಿನವಿಲ್ಲ. ಹೊಲ, ಮನೆ, ಪ್ಲಾಟುಗಳ ಯಾದಿಗಿಂತ ಮೊದಲು, ಕಾಗದವಿಲ್ಲದೆ ನಂಬಿ ಕೊಟ್ಟವರ ಬಾಕಿಯನ್ನು ಆ ಖಾತೆಯ ಮೊದಲ ಪುಟದಲ್ಲಿ ಬರೆಯಲಿ. ಮಕ್ಕಳಿಗೂ ಓದಿ ಹೇಳಲಿ. ಆ ಬಾಕಿ ತೀರಿದ ಮೇಲೆ ಉಳಿಯುವುದೇ ಶ್ರಾವಕನ ಆಸ್ತಿ. ಅದರ ಸುತ್ತ ಆತನು ಎಷ್ಟು ಬೇಲಿ ಹಾಕಿಕೊಂಡರೂ ಧರ್ಮಕ್ಕೆ ಬಾಧೆಯಿಲ್ಲ.