ನೋಟದ ಋಣ

ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಟ ಪ್ರವಾಸಿ ಹಡಗುಗಳು ಸುಮಾರು ಎರಡು ದಿನಗಳಲ್ಲಿ ಡ್ರೇಕ್ ಜಲಸಂಧಿಯನ್ನು ದಾಟಿ ಅಂಟಾರ್ಕ್ಟಿಕವನ್ನು ಸಮೀಪಿಸುತ್ತವೆ. ಅಲ್ಲಿ ಕೆಲವರು ನೀರು ತಾಗದ ದಪ್ಪ ಉಡುಪು ಧರಿಸಿ, ಶೂನ್ಯ ಡಿಗ್ರಿಯ ಆಸುಪಾಸಿನ ಕಡಲಿಗಿಳಿದು ಸೀಲುಗಳ ಲೋಕವನ್ನು ಕಾಣುತ್ತಾರೆ. ಹಡಗಿನ ದಿನಚರಿ ಸಂಯಮವನ್ನೇ ಬೋಧಿಸುತ್ತದೆ: ದಡಕ್ಕಿಳಿಯುವ ಮುನ್ನ ಬೂಟುಗಳನ್ನು ತೊಳೆಯಬೇಕು, ಒಂದು ತಾಣದಲ್ಲಿ ಏಕಕಾಲಕ್ಕೆ 100ಕ್ಕಿಂತ ಹೆಚ್ಚು ಪ್ರಯಾಣಿಕರು ಇರಬಾರದು, ಪೆಂಗ್ವಿನ್‌ಗಳಿಂದ ಕನಿಷ್ಠ 5 ಮೀಟರ್ ದೂರದಲ್ಲಿ ನಿಲ್ಲಬೇಕು.

ಬೂಟಿಗಂಟಿದ ಬೀಜ ತೊಳೆದರೆ ಹೋದೀತು. ಹಡಗು ಉಗುಳಿದ ಹೊಗೆಯನ್ನು ತೊಳೆಯುವ ನೀರು ಯಾವುದು? ಹಿಮ ಕರಗುವ ಮೊದಲೇ ಅದನ್ನು ನೋಡಿಬಿಡಬೇಕೆಂಬ ಆತುರವೂ ಆ ಕರಗುವಿಕೆಗೆ ತನ್ನ ಪಾಲನ್ನು ಸೇರಿಸುತ್ತದೆ.

ಕಂಡವರಲ್ಲಿ ಪ್ರೀತಿ ಹುಟ್ಟುತ್ತದೆ, ಪ್ರೀತಿಸಿದವರು ಕಾಪಾಡುತ್ತಾರೆ ಎಂಬುದು ಯಾತ್ರಿಕರ ಸಮಾಧಾನ. ಇದು ಪೂರ್ತಿ ಸುಳ್ಳಲ್ಲ. ಆದರೂ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿದ 1991ರ ಮ್ಯಾಡ್ರಿಡ್ ಒಡಂಬಡಿಕೆಯನ್ನು ಬಯಸಿದ ಬಹುಮಂದಿ ಆ ನೆಲವನ್ನು ಕಂಡವರೇ ಅಲ್ಲ. ಕಾಣದೆಯೂ ಪ್ರೀತಿಸಬಹುದು.

ಆದುದರಿಂದ ನೋಟವನ್ನು ಹಕ್ಕೆನ್ನುವುದಕ್ಕಿಂತ ಋಣವೆನ್ನುವುದು ಲೇಸು. ಹೋಗಿ ಬಂದವರು ತಂದ ಚಿತ್ರಗಳಿಂದ ಅದು ತೀರದು. ಮುಂದಿನ ಬದುಕಿನಲ್ಲಿ ಅವರು ಏನನ್ನು ಬಿಟ್ಟುಕೊಟ್ಟರು ಎಂಬುದರಿಂದ ಮಾತ್ರ ತೀರೀತು.