ಹನಿಯ ಸದ್ದು ಯಾರಿಗೆ ಕೇಳಬೇಕು?

ಕಳೆದ ತಿಂಗಳು ನಮ್ಮ ಮನೆಯೊಡತಿ ನನಗೊಂದು ಕೆಲಸ ಒಪ್ಪಿಸಿದರು. ಅಮೆರಿಕದಲ್ಲಿರುವ ಅವರ ಮಗ ಮನೆಗೆ ನೀರಿನ ಸೋರಿಕೆ ಪತ್ತೆ ಮಾಡುವ ಸ್ಮಾರ್ಟ್ ಸಾಧನ ಹಾಕಿಸಬೇಕೆಂದು ನಾಲ್ಕೈದು ಲಿಂಕುಗಳನ್ನು ಕಳಿಸಿದ್ದ. "ನೀನು ಓದ್ದೋನು, ನೋಡಿ ಯಾವ್ದಾದ್ರೂ ಒಂದನ್ನ ಆರಿಸಿಕೊಡಪ್ಪ" ಎಂದು ಅವರು ಫೋನನ್ನು ನನ್ನ ಕೈಗಿತ್ತರು. ಮೈಸೂರಿನ ಕುವೆಂಪುನಗರದ ಆ ಮನೆಯ ಮಹಡಿಯಲ್ಲಿ ನಾನು ಮೂರು ವರ್ಷದಿಂದ ಬಾಡಿಗೆಗಿದ್ದೇನೆ. ಅವರು ನಿವೃತ್ತ ಶಿಕ್ಷಕಿ, ವಯಸ್ಸು ಎಪ್ಪತ್ತಾರು. ಕಿವಿ ಸರಿಯಾಗಿ ಕೇಳುವುದಿಲ್ಲ. ಮೋಟಾರು ಹಾಕಿ ಮರೆತು, ಟ್ಯಾಂಕು ತುಂಬಿ ಹರಿದ ನೀರು ಪಕ್ಕದವರ ಅಂಗಳಕ್ಕೆ ನುಗ್ಗಿದ್ದು ಈ ವರ್ಷದಲ್ಲೇ ಎರಡು ಸಲ.

ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಆದರೆ ಲಿಂಕುಗಳನ್ನು ಓದುತ್ತಾ ಹೋದಂತೆ ಒಂದು ಸಂಗತಿ ಚುಚ್ಚತೊಡಗಿತು. ಆ ಮನೆಯಲ್ಲಿ ಆಗಲೇ ಒಂದು ಸೋರಿಕೆ ಪತ್ತೆ ಸಾಧನ ಇತ್ತು. ಅದು ನಾನೇ.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಬಚ್ಚಲಿನ ಗೋಡೆಯೊಳಗಿಂದ ರಾತ್ರಿ ಹೊತ್ತು ಸಣ್ಣಗೆ 'ಸುಯ್' ಎಂಬ ಸದ್ದು ಬರುತ್ತಿತ್ತು. ನಲ್ಲಿಯೂ ತೊಟ್ಟಿಕ್ಕುತ್ತಿತ್ತು. ಎಷ್ಟು ಹೋಗುತ್ತದೆ ನೋಡೋಣವೆಂದು ಒಂದು ರಾತ್ರಿ ನಲ್ಲಿಯ ಕೆಳಗೆ ಬಕೆಟ್ ಇಟ್ಟೆ. ಆರು ಗಂಟೆಯಲ್ಲಿ ಮೂರು ಲೀಟರ್. ಅಂದರೆ ದಿನಕ್ಕೆ 12 ಲೀಟರ್, ವರ್ಷಕ್ಕೆ 4,380 ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕೆಂದು ಗೊತ್ತುಮಾಡಿರುವುದು 55 ಲೀಟರ್. ಹಾಗಾದರೆ ಒಬ್ಬ ಮನುಷ್ಯ ಸುಮಾರು 80 ದಿನ ಬಳಸುವ ನೀರು. ಲೆಕ್ಕ ಹಾಕಿದೆ, ಬೆರಗಾದೆ, ಬಕೆಟ್ಟಿನ ನೀರಲ್ಲಿ ಬಟ್ಟೆ ನೆನೆಸಿ ಸುಮ್ಮನಾದೆ. ನಲ್ಲಿಗೆ ವಾಷರ್ ಹಾಕಿಸಿದ್ದು ಎಷ್ಟೋ ದಿನಗಳ ಮೇಲೆ. ಗೋಡೆಯೊಳಗಿನ ಸದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಪ್ರಬಂಧದ ಅಧ್ಯಾಯ ಒಪ್ಪಿಸುವ ಗಡಿಬಿಡಿ ಒಂದು ಕಾರಣ. ಗೋಡೆ ಒಡೆದರೆ ಹದಿನೈದು ದಿನ ಧೂಳು, ಆಮೇಲೆ ಬಾಡಿಗೆ ಏರಿಸುವ ಮಾತು ಬಂದರೂ ಬರಬಹುದು ಎಂಬ ಲೆಕ್ಕಾಚಾರ ಇನ್ನೊಂದು. ಮನೆಗೆಲಸಕ್ಕೆ ಬರುವ ಅಕ್ಕ ಒಮ್ಮೆ, "ಒಳಗೆ ಎಲ್ಲೋ ನೀರು ಹೋಯ್ತಾ ಅದೆ ಅಣ್ಣ, ಕೇಳುಸ್ತಿಲ್ವಾ?" ಎಂದು ಕೇಳಿದರು. ನಾನು "ಹೌದಾ?" ಎಂದೆ.

ಎರಡು ತಿಂಗಳ ನಂತರ ಕೆಳಗಿನ ದೇವರ ಮನೆಯ ಗೋಡೆಗೆ ತೇವ ಇಳಿದು ಗಾರೆ ಉದುರಿತು. ಮನೆಯೊಡತಿ ಅದು ಮಳೆಯ ಕಾಟವೆಂದು ತಿಳಿದು ಪಿಂಚಣಿ ದುಡ್ಡಿನಲ್ಲಿ ಗಾರೆ ಮಾಡಿಸಿ ಬಣ್ಣ ಹೊಡೆಸಿದರು. ಮತ್ತೆ ಉದುರಿತು. ಆಗ ಪ್ಲಂಬರ್ ಬಂದು ಗೋಡೆಯೊಳಗಿನ ಪೈಪಿನ ಜಾಯಿಂಟು ಬಿಟ್ಟಿರುವುದನ್ನು ತೋರಿಸಿದ. ನಾನು ಎಲ್ಲರ ಜೊತೆ ನಿಂತು ಅಚ್ಚರಿಪಟ್ಟೆ.

ಈಗ ಅದೇ ಕೈಗೆ ಸಾಧನ ಆರಿಸುವ ಕೆಲಸ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಎರಡು ಬಗೆ. ಒಂದು, ನೆಲದ ಮೇಲಿಡುವ ಪುಟ್ಟ ಬಿಲ್ಲೆಯಂಥದ್ದು. ತಳದಲ್ಲಿ ಎರಡು ಲೋಹದ ತುದಿಗಳಿರುತ್ತವೆ. ನೀರು ಎರಡನ್ನೂ ಮುಟ್ಟಿದೊಡನೆ ಅವುಗಳ ನಡುವೆ ವಿದ್ಯುತ್ ಹರಿದು ಬಜರ್ ಕೂಗುತ್ತದೆ. ವೈಫೈ ಇದ್ದರೆ ಫೋನಿಗೂ ಸಂದೇಶ ಹೋಗುತ್ತದೆ. ಇನ್ನೊಂದು, ಮನೆಗೆ ನೀರು ಬರುವ ಮುಖ್ಯ ಪೈಪಿಗೆ ಕೂರಿಸುವುದು. ಅದು ಹರಿವನ್ನು ಅಳೆಯುತ್ತಾ ಮನೆಯವರ ಬಳಕೆಯ ರೂಢಿಯನ್ನು ಕಲಿಯುತ್ತದೆ. ನಡುರಾತ್ರಿ ನಿಲ್ಲದೆ ನೀರು ಹರಿದರೆ ತಾನೇ ವಾಲ್ವ್ ಮುಚ್ಚುತ್ತದೆ. ಬೆಲೆ ಬಹಳ ಹೆಚ್ಚು.

ಮಗ ಇಷ್ಟಪಟ್ಟಿದ್ದು ಎರಡನೆಯದನ್ನು. ಆದರೆ ಅದು ದಿನವಿಡೀ ಒತ್ತಡದಲ್ಲಿ ನೀರು ಬರುವ, ಇಡೀ ಮನೆಗೆ ಒಂದೇ ಪೈಪು ಇರುವ ದೇಶಗಳಿಗೆಂದು ಮಾಡಿದ್ದು. ನಮ್ಮದು ಬೇರೆ ಲೋಕ. ಬೀದಿಯ ನೀರು ಬಿಟ್ಟಾಗ ಸಂಪಿಗೆ ಬೀಳುತ್ತದೆ, ಸಂಪಿನಿಂದ ಮೋಟಾರು ಟ್ಯಾಂಕಿಗೆ ಏರಿಸುತ್ತದೆ, ಟ್ಯಾಂಕಿನಿಂದ ಅಡುಗೆಮನೆಗೊಂದು, ಬಚ್ಚಲಿಗೊಂದು, ಮಹಡಿಗೊಂದು ಪೈಪು ಇಳಿಯುತ್ತದೆ. ಬೀದಿಯ ಪೈಪಿಗೆ ಮೀಟರು ಕೂರಿಸಿದರೆ ಅದು ಸಂಪು ತುಂಬುವುದನ್ನಷ್ಟೇ ನೋಡುತ್ತದೆ. ಸಂಪಿನ ಬಿರುಕು, ತುಂಬಿ ಹರಿಯುವ ಟ್ಯಾಂಕು, ಸದ್ದಿಲ್ಲದೆ ಸೋರುವ ಫ್ಲಶ್, ಗೋಡೆಯೊಳಗಿನ ಜಾಯಿಂಟು, ಯಾವುದೂ ಅದಕ್ಕೆ ಕಾಣುವುದಿಲ್ಲ.

ಇದು ತಾಂತ್ರಿಕ ತೊಡಕು, ಬಿಡಿಸಬಹುದು. ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ಸಂದೇಶ ಯಾರ ಫೋನಿಗೆ ಹೋಗಬೇಕು? ಮಗನ ಫೋನಿಗೆ ಎಂದರೆ ಮೈಸೂರಿನಲ್ಲಿ ಪೈಪು ಒಡೆದಾಗ ಅಲ್ಲಿ ನಡುರಾತ್ರಿ ಇದ್ದೀತು. ತಾಯಿಯ ಫೋನಿಗೆ ಎಂದರೆ ಅವರಿಗೆ ಅದು ಕೇಳಿಸದು. ನೀರು ಸೋರುತ್ತಿದೆ ಎಂದು ತಿಳಿಯುವವನು ಒಬ್ಬ, ಏಣಿ ಹತ್ತಿ ವಾಲ್ವ್ ತಿರುಗಿಸಬೇಕಾದವನು ಇನ್ನೊಬ್ಬ ಆಗಿಬಿಟ್ಟರೆ ಆ ತಿಳಿವಿಗೆ ಬೆಲೆಯೇನು?

ಬಲ್ಲದ್ದನ್ನು ಮಾಡದಿರುವ ದೌರ್ಬಲ್ಯವನ್ನು ಗ್ರೀಕರು 'ಅಕ್ರೇಸಿಯಾ' ಎನ್ನುತ್ತಿದ್ದರು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಏಳನೆಯ ಭಾಗದಲ್ಲಿ ಇದನ್ನು ದೀರ್ಘವಾಗಿ ಚರ್ಚಿಸುತ್ತಾನೆ. ಸರಿಯಾದದ್ದು ಗೊತ್ತಿದ್ದವನು ಅದನ್ನು ಮಾಡದಿರುವುದು ಹೇಗೆ ಸಾಧ್ಯ ಎಂಬುದು ಅವನ ಪ್ರಶ್ನೆ. ಸಾಧನ ಮಾರುವವರು ಹಿಡಿದಿರುವುದು ಇದಕ್ಕೆ ಎದುರಿನ ದಾರಿ. ನಮ್ಮ ತಪ್ಪೆಲ್ಲ ತಿಳಿಯದೆ ಆಗುವುದು, ತಿಳಿಸಿಬಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಅವರದು. ನನ್ನ ಬಚ್ಚಲಿನ ಕತೆ ಆ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಅಲ್ಲಿ ಮಾಹಿತಿಗೆ ಕೊರತೆ ಇರಲಿಲ್ಲ, ಲೀಟರಿನ ಲೆಕ್ಕ ಕೂಡ ಇತ್ತು.

ಸೋರಿಕೆಗೆ ಇನ್ನೊಂದು ವಿಚಿತ್ರ ಗುಣವಿದೆ. ಅದು ಮಾಡಿದವರಿಲ್ಲದ ತಪ್ಪು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಪೈಪು ಹಿಡಿದು ಕಾರು ತೊಳೆಯುವವನು ಕಣ್ಣಿಗೆ ಕಾಣುತ್ತಾನೆ, ಅವನಿಗೆ ದಂಡ ಹಾಕಬಹುದು. ರಾತ್ರಿ ತಾನಾಗಿ ಸೋರುವ ಜಾಯಿಂಟಿಗೆ ಯಾರನ್ನು ಹಿಡಿಯುವುದು? ಮನೆಯೊಡತಿಗೆ ಗೊತ್ತಿಲ್ಲ, ಬಾಡಿಗೆಯವನಿಗೆ ಅದು ತನ್ನ ಮನೆಯಲ್ಲ. ಕೇಳಿಸಿಕೊಂಡ ಮನೆಗೆಲಸದಾಕೆಗೆ ಹೇಳುವ ಅಧಿಕಾರವಿಲ್ಲ, ಹೇಳಿದರೂ ಕೇಳುವವರಿಲ್ಲ. ಹೊಣೆ ಹೀಗೆ ಕೈಯಿಂದ ಕೈಗೆ ಜಾರುತ್ತದೆ.

ಇಷ್ಟು ಸಣ್ಣದಕ್ಕೆ ಇಷ್ಟು ಮಾತೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಕಾವೇರಿಯಲ್ಲಿ 284.75 ಟಿಎಂಸಿ ಎಂದು ತೀರ್ಪಿತ್ತಿತು. ಅದರ ಮುಂದೆ ನನ್ನ ನಲ್ಲಿಯ ಹನಿ ಲೆಕ್ಕಕ್ಕೇ ಬರುವುದಿಲ್ಲ. 'ಹನಿಗೂಡಿ ಹಳ್ಳ' ಎಂಬ ಗಾದೆಯನ್ನು ಇಲ್ಲಿ ತರುವುದು ಸುಲಭ, ಆದರೆ ನಾನೊಬ್ಬ ವಾಷರ್ ಬದಲಿಸಿದರೆ ಕನ್ನಂಬಾಡಿಯ ಮಟ್ಟ ಏರುವುದಿಲ್ಲ. ನನ್ನ ಮಾತು ನದಿಯನ್ನು ಉಳಿಸುವುದರ ಬಗ್ಗೆ ಅಲ್ಲ. ಕಟ್ಟೆಯಲ್ಲಿ 124.80 ಅಡಿಗೆ ಇಂದು ಎಷ್ಟಿದೆ ಎಂದು ಬೆಳಿಗ್ಗೆ ಪತ್ರಿಕೆಯಲ್ಲಿ ನೋಡುವ, ನೀರು ಬಿಟ್ಟ ಸುದ್ದಿ ಬಂದರೆ ಸಿಟ್ಟಾಗುವ ನನಗೆ ನನ್ನದೇ ಗೋಡೆಯ ಸದ್ದು ಸಿಟ್ಟು ತರಿಸಲಿಲ್ಲ. ನೀರು ಉಂಡದ್ದು ನದಿಯಲ್ಲ, ಕೆಳಗಿನ ಮನೆಯ ಗೋಡೆ, ಒಬ್ಬ ಹಿರಿಯ ಹೆಂಗಸಿನ ಪಿಂಚಣಿ. ಅನ್ಯಾಯ ಅಷ್ಟು ಹತ್ತಿರದ್ದು, ಅಷ್ಟು ಅಳತೆಯದ್ದು.

ಹಾಗಂತ ಯಂತ್ರವನ್ನು ಹೀಗಳೆಯುವ ಹಕ್ಕು ಮೈಸೂರಿನವರಿಗಿಲ್ಲ. ವಿಶ್ವೇಶ್ವರಯ್ಯನವರು ನೀರಿನ ಮಟ್ಟ ಏರಿದಾಗ ತಾನೇ ತೆರೆದುಕೊಳ್ಳುವ ಗೇಟುಗಳನ್ನು ರೂಪಿಸಿ 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಅಂಥ ಗೇಟುಗಳು ಆಮೇಲೆ ಕೆಆರ್‌ಎಸ್‌ಗೂ ಬಂದವು. ಸ್ಮಾರ್ಟ್ ಎಂಬ ಪದ ಹುಟ್ಟುವ ಮೊದಲೇ ನಾವು ಸ್ಮಾರ್ಟ್ ಆಗಿದ್ದೆವು. ಆದರೆ ಕಟ್ಟೆಗೆ ಕಾವಲು ಬೇಡವೆಂದು ಯಾರೂ ಹೇಳಲಿಲ್ಲ. ಅದಕ್ಕೂ ಹಿಂದೆ ಹಳೆ ಮೈಸೂರಿನ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಹೇಳುವುದು ಅವನ ಪಾಲು. ಆ ಕೆಲಸ ಜಾತಿಗೆ, ವಂಶಕ್ಕೆ ಕಟ್ಟಿಬಿದ್ದದ್ದು, ಅದನ್ನು ಹೊಗಳಿ ಹಾಡಬೇಕಿಲ್ಲ. ಆದರೂ ಆ ಏರ್ಪಾಡಿನಲ್ಲಿ ಒಂದು ಸ್ಪಷ್ಟತೆ ಇತ್ತು. ನೀರು ಸೋರಿದರೆ ಯಾರನ್ನು ಕೇಳಬೇಕೆಂದು ಊರಿಗೆ ಗೊತ್ತಿತ್ತು.

ಹೊಣೆ ಕೊಟ್ಟವರಿಲ್ಲದಿದ್ದರೂ ತಾವಾಗಿ ಹೊರುವವರಿದ್ದಾರೆ. ಮುಂಬಯಿಯ ಲೇಖಕ, ವ್ಯಂಗ್ಯಚಿತ್ರಕಾರ ಆಬಿದ್ ಸುರತಿ ತಮ್ಮ ಎಪ್ಪತ್ತನೇ ವಯಸ್ಸು ದಾಟಿದ ಮೇಲೆ, 2007ರಲ್ಲಿ, ಭಾನುವಾರಗಳಂದು ಪ್ಲಂಬರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಪುಕ್ಕಟೆ ಸರಿಪಡಿಸತೊಡಗಿದರು. ಅವರ ಬಳಿ ಇದ್ದದ್ದು ಸ್ಪ್ಯಾನರು, ವಾಷರು, ಮತ್ತು ಕೇಳಿದ ಸದ್ದಿಗೆ ಓಗೊಡುವ ಅಭ್ಯಾಸ. ಯಂತ್ರ ನಮ್ಮ ಕಿವಿಯಾಗಬಲ್ಲದು. ಓಗೊಡುವುದು ನಮಗೇ ಉಳಿಯುತ್ತದೆ.

ಕೊನೆಗೆ ನಾನು ಆರಿಸಿದ್ದು ಹೀಗೆ. ಸಂಪಿಗೆ ಒಂದು ಒಳ್ಳೆಯ ಫ್ಲೋಟ್ ವಾಲ್ವ್. ಟ್ಯಾಂಕು ತುಂಬಿದರೆ ಮೋಟಾರನ್ನು ತಾನೇ ಆರಿಸುವ ಲೆವೆಲ್ ಕಂಟ್ರೋಲರ್; ಕಿವಿ ಕೇಳದವರಿಗಾಗಿ ಅದಕ್ಕೊಂದು ಕೆಂಪು ದೀಪ. ವಾಷಿಂಗ್ ಮಷೀನಿನ ಹಿಂದೆ ಮತ್ತು ದೇವರ ಮನೆಯ ಗೋಡೆಯ ಬುಡದಲ್ಲಿ ಎರಡು ಬಿಲ್ಲೆಗಳು, ವೈಫೈ ಹೋದರೂ ಕೂಗುವಂಥವು. ತಾನಾಗಿ ನೀರು ನಿಲ್ಲಿಸುವ ದುಬಾರಿ ವಾಲ್ವ್ ಬೇಡವೆಂದೆ. ನಮ್ಮ ಪೈಪುಗಳಿಗೆ ಅದು ಹೊಂದುವುದಿಲ್ಲ. ಜೊತೆಗೆ, ಒಬ್ಬ ತಾಯಿ ರಾತ್ರಿ ಎಷ್ಟು ಸಲ ಬಚ್ಚಲಿಗೆ ಎದ್ದರು ಎಂಬುದು ಮಗನ ಫೋನಿನ ಗ್ರಾಫಾಗುವುದು ನನಗೆ ಸರಿ ಕಾಣಲಿಲ್ಲ. ತಿಂಗಳಿಗೊಮ್ಮೆ ಮಲಗುವ ಮುನ್ನ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ರಾತ್ರಿ ಯಾರೂ ನೀರು ಬಳಸದೆ ಬೆಳಿಗ್ಗೆ ನೋಡುವುದು ಎಂದೂ ಬರೆದೆ. ಅದಕ್ಕೆ ಖರ್ಚಿಲ್ಲ.

ಬಿಲ್ಲೆಯ ಆ್ಯಪಿನಲ್ಲಿ ಸಂದೇಶ ಹೋಗಬೇಕಾದ ನಂಬರು ಕೇಳುವ ಜಾಗ ಬಂತು. "ಯಾರದ್ದು ಹಾಕ್ತೀಯಾ?" ಎಂದರು ಮನೆಯೊಡತಿ. ನನ್ನದು ಹಾಕುವ ಮೊದಲು ಅವರಿಗೆ ಹೋದ ವರ್ಷದ ಸದ್ದಿನ ವಿಷಯ ಹೇಳಬೇಕಿತ್ತು. ಅವರ ಬಲಗಿವಿಯ ಹತ್ತಿರ ಬಾಗಿ, ಗಟ್ಟಿಯಾಗಿ, ಎರಡು ಸಲ ಹೇಳಿದೆ. ಅವರು ಸ್ವಲ್ಪ ಹೊತ್ತು ದೇವರ ಮನೆಯ ಗೋಡೆಯ ಕಡೆ ನೋಡಿದರು. "ಆ ಬಣ್ಣಕ್ಕೆ ಮೂರು ಸಾವಿರ ಕೊಟ್ಟಿದ್ದೆ ಕಣಪ್ಪ" ಎಂದರು. ಆಮೇಲೆ, "ಸರಿ, ನಿನ್ನ ನಂಬರೇ ಹಾಕು" ಎಂದರು.

ಮೂರು ಸಾವಿರವನ್ನು ಈ ತಿಂಗಳ ಬಾಡಿಗೆಯ ಜೊತೆ ಕೊಟ್ಟೆ. ಮನೆಗೆಲಸದ ಅಕ್ಕನಿಗೆ ಇನ್ನೂ ಹೇಳಬೇಕಿದೆ, ಅವತ್ತು ನನಗೂ ಕೇಳಿಸಿತ್ತು ಎಂದು.